ರಾಷ್ಟ್ರೀಯ ಹೆದ್ದಾರಿ: ಅನುದಾನದಿಂದ ಟೋಲ್‌ವರೆಗೆ

ಸಾಗಣೆ ವೆಚ್ಚದ ಲೆಕ್ಕದಲ್ಲಿ ಡೀಸೆಲ್ ಹಾಗೂ ಚಾಲಕರ ಭತ್ಯೆಯ ಸಾಲಿನಲ್ಲಿ ಇಂದು ಟೋಲ್ ಕೂಡ ಸ್ಥಾನ ಪಡೆದಿದೆ. ಮೊದಲು ಹೀಗಿರಲಿಲ್ಲ. 1951ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಉದ್ದವು ಸುಮಾರು 20,000 ಕಿ.ಮೀ. ಆಗಿದ್ದು, ಅವುಗಳ ನಿರ್ಮಾಣ ಮತ್ತು ನಿರ್ವಹಣೆಯು ಮುಖ್ಯವಾಗಿ ಆಯವ್ಯಯದ ಅನುದಾನವನ್ನೇ ಅವಲಂಬಿಸಿತ್ತು. ವಾಹನಗಳು ಹೆಚ್ಚಿದ ವೇಗದಲ್ಲಿ ಅನುದಾನ ಹೆಚ್ಚಲಿಲ್ಲ.

1988ರ ಕಾಯಿದೆಯನ್ವಯ ರಚಿತವಾದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 1995ರಲ್ಲಿ ಕಾರ್ಯಾರಂಭ ಮಾಡಿತು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಬೆಸೆಯುವ 5,846 ಕಿ.ಮೀ.ಗಳ ಸುವರ್ಣ ಚತುಷ್ಕೋನವು 2012ರಲ್ಲಿ ಪೂರ್ಣಗೊಂಡಿತು. ಇದರ ಚೆನ್ನೈ–ಮುಂಬೈ ಭುಜವು ಬೆಂಗಳೂರು, ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳ ಮೂಲಕ ಸಾಗುತ್ತದೆ. ಇಂದು ದೇಶದ ಹೆದ್ದಾರಿ ಜಾಲವು ಸುಮಾರು 1.46 ಲಕ್ಷ ಕಿ.ಮೀ. ಇದೆ.

ಈ ವಿಸ್ತರಣೆಗೆ ಹಣ ಬಂದುದು ಪೆಟ್ರೋಲ್, ಡೀಸೆಲ್‌ಗಳ ಮೇಲಿನ ಸೆಸ್, ಸಾಲ, ಖಾಸಗಿ ಬಂಡವಾಳ ಹಾಗೂ ಟೋಲ್‌ನಿಂದ. ಒಂದೇ ಲಾರಿ ಇಂಧನದಲ್ಲೊಮ್ಮೆ, ಟೋಲ್ ಗೇಟಿನಲ್ಲೊಮ್ಮೆ ಹಣ ತೆರಬೇಕೆ ಎಂಬ ವರ್ತಕರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ.

ಆದರೆ ಜಮೆಯ ಬದಿಯನ್ನೂ ನೋಡಬೇಕು. ಚತುಷ್ಕೋನದ ಮೇಲಿನ ನಗರಗಳ ಉದ್ದಿಮೆಗಳು ಕಚ್ಚಾಮಾಲಿನ ದಾಸ್ತಾನನ್ನು 6ರಿಂದ 12 ದಿನಗಳ ಉತ್ಪಾದನೆಗೆ ಸಾಲುವಷ್ಟು ತಗ್ಗಿಸಿದವೆಂದು ಅರ್ಥಶಾಸ್ತ್ರಜ್ಞ ಸೌಗತ ದತ್ತ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ತಿಳಿಸುತ್ತದೆ. ದಿನಕ್ಕೆ 50,000 ರೂ. ಮಾಲು ಬಳಸುವ ಕಾರ್ಖಾನೆಯೊಂದು 6 ದಿನಗಳ ದಾಸ್ತಾನು ತಗ್ಗಿಸಿತೆನ್ನಿ: 3 ಲಕ್ಷ ರೂ. ದುಡಿಮೆ ಬಂಡವಾಳ ಬಿಡುಗಡೆಯಾಗುತ್ತದೆ, ಶೇ. 12ರ ಬಡ್ಡಿಯಂತೆ ವರ್ಷಕ್ಕೆ 36,000 ರೂ. ಉಳಿತಾಯ. ವರ್ಷದ ಟೋಲ್ ಮೊತ್ತವನ್ನು ಇದರೊಡನೆ ತುಲನೆ ಮಾಡದೆ ರಸ್ತೆ ದುಬಾರಿಯೆನ್ನುವುದು ಅರ್ಧ ಲೆಕ್ಕ. ರಸ್ತೆ ಸುಧಾರಿಸಿದ ಮೇಲೂ ಹಳೆಯ ಪ್ರಮಾಣದಲ್ಲೇ ಮಾಲು ತುಂಬಿಡುವವರಿಗೆ ಖರ್ಚು ಮಾತ್ರ ಉಳಿಯುತ್ತದೆ.

2008ರ ಶುಲ್ಕ ನಿಯಮಗಳ ಪ್ರಕಾರ ದರವು ಪ್ರತಿವರ್ಷ ಶೇ. 3ರಷ್ಟು, ಜೊತೆಗೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ. 40ರಷ್ಟು ಹೆಚ್ಚುತ್ತದೆ. ಆದ್ದರಿಂದ ದೀರ್ಘಾವಧಿಯ ಸರಬರಾಜು ಕರಾರಿನಲ್ಲಿ ಸಾಗಣೆ ದರವನ್ನು ಸ್ಥಿರವಾಗಿ ಒಪ್ಪಿಕೊಳ್ಳುವುದು ಜಾಣತನವಲ್ಲ. ಅವೇ ನಿಯಮಗಳಲ್ಲಿ ರಿಯಾಯಿತಿಯೂ ಇದೆ: 24 ಗಂಟೆಗಳೊಳಗೆ ಹಿಂದಿರುಗಿದರೆ ಎರಡೂ ಕಡೆಗೆ ಸೇರಿ ಒಂದೂವರೆ ಪಟ್ಟು ಮಾತ್ರ, ತಿಂಗಳಿಗೆ 50 ಪ್ರಯಾಣಗಳ ಪಾಸಿಗೆ ಮೂರನೇ ಎರಡರಷ್ಟು ಶುಲ್ಕ. ಒಂದೇ ಮಾರ್ಗದಲ್ಲಿ ನಿತ್ಯ ಮಾಲು ಸಾಗಿಸುವವರು ಈ ಪಾಸನ್ನು ವಿಚಾರಿಸಬೇಕು.

ರಸ್ತೆ ಬಳಕೆಯ ಟೋಲ್‌ಗೆ ಜಿಎಸ್‌ಟಿ ವಿನಾಯಿತಿಯಿರುವುದರಿಂದ ಹೂಡುವಳಿ ತೆರಿಗೆ ಜಮೆಯ ಪ್ರಶ್ನೆ ಏಳುವುದಿಲ್ಲ, ತೆತ್ತದ್ದೆಲ್ಲ ವೆಚ್ಚವೇ. ಸ್ವಂತ ಲಾರಿಯಾದರೆ ಫಾಸ್ಟ್ಯಾಗ್ ವಿವರಪಟ್ಟಿಯನ್ನು ಪ್ರತಿ ತಿಂಗಳು ವಾಹನವಾರು ಪುಸ್ತಕಕ್ಕೆ ಏರಿಸಬೇಕು. ಬಾಡಿಗೆ ಲಾರಿಯಾದರೆ ಟೋಲ್ ಬಾಡಿಗೆಯೊಳಗೆ ಸೇರಿದೆಯೇ, ಪ್ರತ್ಯೇಕವೇ ಎಂಬುದನ್ನು ಮಾಲು ಹೇರುವ ಮೊದಲೇ ಲಿಖಿತವಾಗಿ ಗೊತ್ತುಮಾಡಿಕೊಳ್ಳಬೇಕು.