ಕೋಡಿನ ಕಣಜ

ಬಳ್ಳಾರಿಯಿಂದ ಕುರುಗೋಡಿಗೆ ಹೋದವರು ದೊಡ್ಡಬಸವೇಶ್ವರನಿಗೆ ಕೈಮುಗಿದು ಹಿಂದಿರುಗುವುದು ವಾಡಿಕೆ. ಆ ಊರಿನ ಹಳೆಯ ಶಾಸನಗಳನ್ನು ನಿಂತು ನೋಡುವವರು ವಿರಳ. ದಾನ ಕೊಟ್ಟವರಾರು, ಕೊಟ್ಟದ್ದು ಎಂದು, ಏನನ್ನು, ಅದನ್ನು ಹೇಗೆ ನಡೆಸಿಕೊಂಡು ಬರಬೇಕು ಎಂಬುದನ್ನೆಲ್ಲ ಶಾಸನಗಳು ಕಲ್ಲಿನಲ್ಲಿ ಹೇಳುತ್ತವೆ. ಗಣಕಯಂತ್ರದ ಜಗತ್ತಿನಲ್ಲಿಯೂ ಇಂಥದೇ ಒಂದು ಪದ್ಧತಿ ಬೆಳೆದುಬಂದಿದೆ.

ಗಣಕಯಂತ್ರವು ಏನು ಮಾಡಬೇಕೆಂದು ಬರೆದಿಟ್ಟ ಆದೇಶಗಳ ಸಾಲುಗಳಿಗೆ ಕೋಡ್ ಎಂದು ಹೆಸರು. ದೊಡ್ಡ ಕೋಡನ್ನು ಒಬ್ಬನೇ ಬರೆಯಲಾರ. ನೂರಾರು ಮಂದಿ ತಿದ್ದುತ್ತಾರೆ. ಯಾರು ಏನನ್ನು ತಿದ್ದಿದರೆಂಬ ಲೆಕ್ಕವಿಲ್ಲದಿದ್ದರೆ ಕೆಲಸವೆಲ್ಲ ಗೊಂದಲವಾಗುತ್ತದೆ. ಈ ಲೆಕ್ಕವನ್ನು ಇಡಲೆಂದೇ ಫಿನ್‌ಲೆಂಡಿನಲ್ಲಿ ಹುಟ್ಟಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ‘ಗಿಟ್’ ಎಂಬ ಸಾಧನವನ್ನು ರಚಿಸಿದನು. ಪ್ರತಿಯೊಂದು ತಿದ್ದುಪಡಿಯೂ ತಿದ್ದಿದವನ ಹೆಸರು, ದಿನಾಂಕ ಮತ್ತು ಕಾರಣದೊಡನೆ ಅದರಲ್ಲಿ ದಾಖಲಾಗುತ್ತದೆ. ಹೀಗೆ ಚರಿತ್ರೆಸಹಿತವಾಗಿ ಕೂಡಿಟ್ಟ ಕೋಡಿನ ಕಣಜವೇ ರೆಪಾಸಿಟರಿ. ಇಂಥ ಕಣಜಗಳನ್ನು ಅಂತರಜಾಲದಲ್ಲಿ ಇರಿಸುವ ‘ಗಿಟ್‌ಹಬ್’ 2008ರಲ್ಲಿ ಆರಂಭವಾಯಿತು. 2018ರಲ್ಲಿ ಅದನ್ನು ಮೈಕ್ರೋಸಾಫ್ಟ್ ಕಂಪನಿ ಕೊಂಡಿತು.

ಸಾರ್ವಜನಿಕವೆಂದು ತೆರೆದಿಟ್ಟ ಕಣಜವನ್ನು ಯಾರು ಬೇಕಾದರೂ ಓದಬಹುದು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರವಿನ್ಯಾಸಗಳು ನಮಗೆ ದೊರೆತದ್ದು ಇಂಥ ಹಂಚಿಕೊಳ್ಳುವ ಪರಂಪರೆಯಿಂದಲೇ. ಆದರೆ ಓದಲು ಸಿಕ್ಕಿತೆಂದ ಮಾತ್ರಕ್ಕೆ ಅದು ನಮ್ಮದಾಗದು. ಬರೆದವನು ಪರವಾನಗಿ ಕೊಟ್ಟಿದ್ದರೆ ಮಾತ್ರ ಅದರ ಷರತ್ತಿನಂತೆ ಬಳಸಬಹುದು. ಶಾಸನದ ಕೊನೆಯಲ್ಲಿ ದಾನವನ್ನು ಕೆಡಿಸಿದವನಿಗೆ ಶಾಪವಿರುತ್ತದೆ. ಇಲ್ಲಿ ಶಾಪದ ಬದಲು ಕಾನೂನು ಇದೆ, ಅಷ್ಟೆ.

ಸಿರುಗುಪ್ಪದಲ್ಲಿ ಬೆಳೆದು ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗನು ಈ ಕಣಜಗಳನ್ನು ಸುಲಭವಾಗಿ ನೋಡಲು ಅನುವಾಗುವಂತೆ ಒಂದು ಜಾಲಪುಟವನ್ನು ಕಟ್ಟಲು ಹೊರಟನು. ಅದರ ಕ್ರಮ ಹೀಗೆ: ಓದುಗನು ಪುಟದಲ್ಲಿ ಒಂದು ಹೆಸರನ್ನು ಬರೆಯುತ್ತಾನೆ. ಪುಟವು ಗಿಟ್‌ಹಬ್ಬಿನ ‘ಎಪಿಐ’ ಎಂಬ ಬಾಗಿಲಿಗೆ ಕೋರಿಕೆಯನ್ನು ಕಳುಹಿಸುತ್ತದೆ. ಅಲ್ಲಿಂದ ಬಂದ ಉತ್ತರವನ್ನು ಬಿಡಿಸಿ, ಕಣಜಗಳ ಪಟ್ಟಿಯನ್ನೂ ಒಳಗಿನ ಕಡತಗಳನ್ನೂ ಅಂದವಾಗಿ ತೋರಿಸುತ್ತದೆ. ಮೊದಲ ದಿನವೇ ಒಂದು ಎಡವಟ್ಟಾಯಿತು. ನೂರಾರು ಕಣಜಗಳಿರುವ ಸಂಸ್ಥೆಯ ಹೆಸರು ಕೊಟ್ಟರೂ ಪಟ್ಟಿ ಮೂವತ್ತಕ್ಕೆ ನಿಂತಿತು. ಬೇರೆ ಸಂಖ್ಯೆಯನ್ನು ಹೇಳದಿದ್ದರೆ ಆ ಬಾಗಿಲು ಒಮ್ಮೆಗೆ 30ನ್ನಷ್ಟೇ ಕೊಡುತ್ತದೆ. ಕೇಳಿದರೂ 100ಕ್ಕಿಂತ ಹೆಚ್ಚು ಕೊಡದು. ಮುಂದಿನದನ್ನು ಪುಟಪುಟವಾಗಿ ಕೇಳಿ ಪಡೆಯಬೇಕು.

ಸಿರುಗುಪ್ಪದ ಮನೆಯಲ್ಲಿ ಸೊಗಸಾಗಿ ನಡೆದ ಪುಟವು ಬಳ್ಳಾರಿಯ ಪ್ರಯೋಗಾಲಯದಲ್ಲಿ, ಎಲ್ಲರೆದುರು, ಕೆಲವೇ ನಿಮಿಷಗಳಲ್ಲಿ ಸ್ತಬ್ಧವಾಯಿತು. ಹುಡುಗನು ಮುಖ ಬಾಡಿಸಿಕೊಂಡು ಮನೆಗೆ ಬಂದನು. ಕಾರಣ ತಿಳಿದದ್ದು ಆಮೇಲೆ. ಗುರುತು ಹೇಳದೆ ಕೇಳುವವರಿಗೆ ಒಂದು ಅಂತರಜಾಲ ವಿಳಾಸಕ್ಕೆ ಗಂಟೆಗೆ 60 ಕೋರಿಕೆಗಳು ಮಾತ್ರ ಸಲ್ಲುತ್ತವೆ. ಪ್ರಯೋಗಾಲಯದ ಯಂತ್ರಗಳೆಲ್ಲ ಹೊರಗಿನ ಕಣ್ಣಿಗೆ ಒಂದೇ ವಿಳಾಸ. ಮೂವತ್ತು ಮಂದಿ ತಲಾ ಎರಡು ಸಲ ಕೇಳಿದರೆ ಆ ಗಂಟೆಯ ಪಾಲು ಮುಗಿಯಿತು. ತುಂಗಭದ್ರೆಯ ಕಾಲುವೆಯ ತೂಬಿನಲ್ಲಿ ನೀರಿನ ಪಾಳಿಗಾಗಿ ಕಾದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಗುರುತಿನ ಕೀಲಿಯೊಂದನ್ನು ಪಡೆದರೆ ಗಂಟೆಗೆ 5,000 ಕೋರಿಕೆಗಳಿಗೆ ಅವಕಾಶವುಂಟು. ಅವನು ಕೀಲಿಯನ್ನು ಪಡೆದು, ಅವಸರದಲ್ಲಿ ಅದನ್ನು ಪುಟದ ಕೋಡಿನೊಳಗೇ ಬರೆದು, ಆ ಕೋಡನ್ನು ಸಾರ್ವಜನಿಕ ಕಣಜಕ್ಕೆ ಸೇರಿಸಿಬಿಟ್ಟನು! ಮನೆಗೆ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತಾಯಿತು. ತಪ್ಪು ಅರಿವಾದೊಡನೆ ಆ ಸಾಲನ್ನು ಅಳಿಸಿದನು. ಅದರಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಗಿಟ್ ಹಳೆಯದನ್ನು ಮರೆಯುವುದಿಲ್ಲ. ಅಳಿಸಿದ ಸಾಲು ಹಿಂದಿನ ದಾಖಲೆಯಲ್ಲಿ ಹಾಗೆಯೇ ಇರುತ್ತದೆ, ಹುಡುಕಿದವನಿಗೆ ಸಿಗುತ್ತದೆ. ಆ ಕೀಲಿಯನ್ನೇ ರದ್ದುಮಾಡಿ ಹೊಸದನ್ನು ಪಡೆಯುವುದೊಂದೇ ಉಳಿದ ದಾರಿ.

ಹೊಸ ಕೀಲಿಯು ಈಗ ಓದುಗರ ಕೈಗೆ ಎಟುಕದಂತೆ ಸರ್ವರಿನಲ್ಲಿದೆ. ಪುಟವು ಸರ್ವರನ್ನು ಕೇಳುತ್ತದೆ, ಸರ್ವರು ಗಿಟ್‌ಹಬ್ಬನ್ನು ಕೇಳುತ್ತದೆ. ಒಮ್ಮೆ ಬಂದ ಉತ್ತರವನ್ನು ಅದು ಸ್ವಲ್ಪ ಕಾಲ ತನ್ನಲ್ಲಿಯೇ ಇಟ್ಟುಕೊಳ್ಳುವುದರಿಂದ, ಹತ್ತು ಜನ ಒಂದೇ ಪ್ರಶ್ನೆಯನ್ನು ಕೇಳಿದರೂ ಹೊರಗೆ ಹೋಗುವ ಕೋರಿಕೆ ಒಂದೇ.

ಕಳೆದ ಯುಗಾದಿಗೆ ಊರಿಗೆ ಬಂದಾಗ ಅವನು ಆ ಪುಟವನ್ನು ನನಗೆ ತೆರೆದು ತೋರಿಸಿದನು. ಪಟ್ಟಿಯಲ್ಲಿ ಅವನ ಕಣಜವೂ ಇತ್ತು.

“ನಿನ್ನ ಆ ತಪ್ಪೂ ಇದರಲ್ಲಿ ಉಳಿದಿದೆಯೇನಪ್ಪ?” ಎಂದು ಕೇಳಿದೆ.

“ಇದೆ ತಾತ, ದಿನಾಂಕದ ಸಮೇತ” ಎಂದು ನಕ್ಕು, ಆ ಸಾಲನ್ನು ತೆರೆದು ತೋರಿಸಿದನು.