ಗುಳಿಯೊಳಗಿನ ದ್ರಾಕ್ಷಿ

ಇಟಲಿಯ ವೈನ್ ಅಂದ ಕೂಡಲೇ ಚಂದದ ಬಾಟಲಿ, ದುಬಾರಿ ಬೆಲೆ ನೆನಪಾಗುತ್ತೆ ಅಲ್ವಾ? ಪಾಂಟೆಲೆರಿಯಾ ದ್ವೀಪದಲ್ಲಿ ನನಗೆ ಕಾಣೋದು ರೈತರ ಬೆನ್ನು. ನಕ್ಷೆ ನೋಡಿ, ಸಿಸಿಲಿಗಿಂತ ಆಫ್ರಿಕಾದ ಟುನೀಶಿಯಾವೇ ಇದಕ್ಕೆ ಹತ್ತಿರ. ಜ್ವಾಲಾಮುಖಿಯ ಕಪ್ಪು ನೆಲ, ಹೊಳೆಯಿಲ್ಲ, ಮಳೆ ಕಡಿಮೆ, ಗಾಳಿಗಂತೂ ಬಿಡುವೇ ಇಲ್ಲ. ಎತ್ತರದ ಚಪ್ಪರ ಇಲ್ಲಿ ನಿಲ್ಲೋ ಮಾತಲ್ಲ.

ಅದಕ್ಕೇ ಗುಳಿ ತೋಡಿ, ಅದರೊಳಗೆ ಬಳ್ಳಿಯನ್ನು ಕುಳ್ಳ ಪೊದೆಯಂತೆ ಬೆಳೆಸ್ತಾರೆ. ಗಾಳಿ ಮೇಲಿಂದ ಹಾದುಹೋಗುತ್ತೆ, ಗುಳಿಯಲ್ಲಿ ತೇವ ಉಳಿಯುತ್ತೆ. ಎಂಜಿನಿಯರಿಂಗ್ ಓದಿದ ನಾನು ಇಷ್ಟು ಅಚ್ಚುಕಟ್ಟಾದ ವಿನ್ಯಾಸ ನೋಡಿದ್ದು ಕಡಿಮೆ. 2014ರಲ್ಲಿ ಯುನೆಸ್ಕೋ ಈ ಕೃಷಿ ಪದ್ಧತಿಯನ್ನೇ ಪರಂಪರೆಯ ಪಟ್ಟಿಗೆ ಸೇರಿಸಿತು.

ದ್ರಾಕ್ಷಿಯ ಹೆಸರು ಝಿಬಿಬ್ಬೊ. ಒಣದ್ರಾಕ್ಷಿ ಅನ್ನೋ ಅರ್ಥದ ಅರಬ್ಬಿ ಪದದಿಂದ ಬಂದದ್ದು. ಅದನ್ನು ಬಿಸಿಲಲ್ಲಿ ಒಣಗಿಸಿ, ಹುದುಗುತ್ತಿರೋ ರಸಕ್ಕೆ ಸೇರಿಸಿದ್ರೆ ಸಿಹಿಯಾದ ಪಾಸಿತೊ ವೈನ್. ಊಟಕ್ಕೆ ಮೀನಿನ ಕುಸ್ಕುಸ್, ಇಲ್ಲವೇ ಆಲೂಗಡ್ಡೆ, ಟೊಮೆಟೊ, ಈರುಳ್ಳಿಯ ಸಲಾಡ್. ಅದರ ಮೇಲೆ ಉಪ್ಪಲ್ಲಿ ಹಾಕಿಟ್ಟ ಕೇಪರ್ ಮೊಗ್ಗು. ಅದನ್ನೂ ಅರಳೋ ಮುಂಚೆಯೇ ಒಂದೊಂದಾಗಿ ಕೀಳಬೇಕು.

ತೊಂದರೆ ಇರೋದೇ ಇಲ್ಲಿ. ಗುಳಿಗೆ ಯಂತ್ರ ಇಳಿಯಲ್ಲ. ಕೊಂಬೆ ಸವರೋದು, ಗೊಂಚಲು ಕೊಯ್ಯೋದು ಎಲ್ಲಾ ಕೈಯಲ್ಲೇ, ಅದೂ ಸೊಂಟ ಬಗ್ಗಿಸಿ, ಕೊಯ್ಲಂತೂ ಬೇಸಿಗೆಯ ಉರಿಬಿಸಿಲಲ್ಲಿ. ಪಟ್ಟಿಗೆ ಹೆಸರು ಸೇರಿಸೋದು ಸುಲಭ ಸ್ವಾಮಿ. ಮುಂದಿನ ತಲೆಮಾರು ಆ ಗುಳಿಯ ಮುಂದೆ ಬಗ್ಗೋದಕ್ಕೆ ತಕ್ಕ ಕೂಲಿ ಬಾಟಲಿಯ ಬೆಲೆಯಿಂದಲೇ ಹುಟ್ಟಬೇಕು.