ಬ್ಲಾಕ್‌ನ ಅಳತೆ ಬದಲಾದಾಗ ಕರ್ನಲ್ ಏನು ಮಾಡುತ್ತದೆ?

ಹಾರ್ಡ್‌ಡಿಸ್ಕ್‌ನಿಂದ ಒಂದೇ ಒಂದು ಅಕ್ಷರವನ್ನು ಬೇರ್ಪಡಿಸಿ ಓದಲು ಬರುವುದಿಲ್ಲ. ಅಲ್ಲಿ ದತ್ತಾಂಶ ಹೋಗಿಬರುವುದು ಬ್ಲಾಕ್ ಎಂಬ ಕಟ್ಟುಗಳಲ್ಲಿ. ದಶಕಗಳ ಕಾಲ ಹಾರ್ಡ್‌ಡಿಸ್ಕ್‌ನ ಒಂದು ಸೆಕ್ಟರ್ ಎಂದರೆ 512 ಬೈಟ್. ಸಿಡಿಯಲ್ಲಿ ಅದು 2048. ಈಗಿನ ಹೆಚ್ಚಿನ ಹಾರ್ಡ್‌ಡಿಸ್ಕ್‌ಗಳ ಒಳಗೆ 4096. ಇದರ ಮೇಲೆ ಫೈಲ್ ಸಿಸ್ಟಮ್ ತನ್ನದೇ ಆದ ಬ್ಲಾಕ್ ಅಳತೆಯನ್ನು ಆರಿಸಿಕೊಳ್ಳುತ್ತದೆ. ಹಾಗಾಗಿ ಒಂದೇ ಡಿಸ್ಕನ್ನು ಬೇರೆ ಬೇರೆ ಅಳತೆಯಲ್ಲಿ ಓದಬೇಕಾದ ಸಂದರ್ಭ ಬರುತ್ತದೆ.

ಇದರಲ್ಲಿ ಅಪಾಯವೇನು? ಲೆಕ್ಕ ಸುಲಭ. ಬ್ಲಾಕ್ ಸಂಖ್ಯೆಯನ್ನು ಅಳತೆಯಿಂದ ಗುಣಿಸಿದರೆ ಡಿಸ್ಕ್‌ನಲ್ಲಿ ಅದರ ಜಾಗ ಸಿಗುತ್ತದೆ. ಅಳತೆ 512 ಇದ್ದಾಗ 10ನೇ ಬ್ಲಾಕ್ 5120ನೇ ಬೈಟ್‌ನಲ್ಲಿ ಆರಂಭವಾಗುತ್ತದೆ. 4096 ಇದ್ದಾಗ 40960ರಲ್ಲಿ. ಊರಿನ ಮನೆಗಳಿಗೆ ಹೊಸ ನಂಬರ್ ಹಾಕಿದ ಮೇಲೂ ಅಂಚೆಯಣ್ಣ ಹಳೆಯ ಪಟ್ಟಿಯನ್ನೇ ಹಿಡಿದು ಹೊರಟರೆ ಕಾಗದ ಬೇರೆಯವರ ಮನೆ ಸೇರುತ್ತದೆ. ಇಲ್ಲಿ ಆ ಹಳೆಯ ಪಟ್ಟಿ ಇರುವುದು ಕ್ಯಾಶ್‌ನಲ್ಲಿ. ಓದಿದ ಬ್ಲಾಕ್‌ಗಳನ್ನೂ, ಡಿಸ್ಕ್‌ಗೆ ಇನ್ನೂ ಬರೆಯಬೇಕಾದ ಬ್ಲಾಕ್‌ಗಳನ್ನೂ ಕರ್ನಲ್ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ.

ಆದ್ದರಿಂದ ಲಿನಕ್ಸ್ ಕರ್ನಲ್ ಒಂದು ಕ್ರಮವನ್ನು ಪಾಲಿಸುತ್ತದೆ. ಮೊದಲು ಹೊಸ ಅಳತೆ ಸರಿಯಿದೆಯೇ ಎಂದು ನೋಡುತ್ತದೆ: ಅದು 2ರ ಘಾತವಾಗಿರಬೇಕು, 512ಕ್ಕಿಂತ ಕಡಿಮೆ ಇರಬಾರದು, ಸಾಧನ ತಿಳಿಸುವ ಸೆಕ್ಟರ್ ಅಳತೆಗಿಂತಲೂ ಚಿಕ್ಕದಿರಬಾರದು. ಬಳಿಕ ಬಾಕಿ ಇರುವುದನ್ನೆಲ್ಲ ಡಿಸ್ಕ್‌ಗೆ ಬರೆಯುತ್ತದೆ. ಆಮೇಲೆ ಕ್ಯಾಶ್ ಖಾಲಿ ಮಾಡಿ ಅಳತೆಯನ್ನು ಬದಲಿಸುತ್ತದೆ. ಬರೆಯುವ ಮೊದಲೇ ಖಾಲಿ ಮಾಡಿದರೆ ನಮ್ಮ ದತ್ತಾಂಶ ಹೋಯಿತೆಂದೇ ಅರ್ಥ.

ಇದರ ನಡುವೆಯೇ ಇನ್ನೊಂದು ಪ್ರೋಗ್ರಾಂ ಅದೇ ಡಿಸ್ಕ್ ಓದಲು ಬಂದರೆ? ಅದು ಅರ್ಧ ಕೆಲಸವನ್ನು ಹಳೆಯ ಅಳತೆಯಲ್ಲಿ, ಅರ್ಧವನ್ನು ಹೊಸ ಅಳತೆಯಲ್ಲಿ ಮಾಡೀತು; ಕರ್ನಲ್ಲೇ ಕುಸಿಯಬಹುದು. ಇಂಥ ಪೈಪೋಟಿಗೆ ರೇಸ್ ಎಂದು ಹೆಸರು. ಲಿನಕ್ಸ್ ಅಭಿವೃದ್ಧಿಗಾರರು 2012ರಲ್ಲಿ ಇದನ್ನು ತಿದ್ದಿದರು, 2025ರಲ್ಲಿ ಮತ್ತೊಮ್ಮೆ ತಿದ್ದಬೇಕಾಯಿತು. ಈಗ ಅಳತೆ ಬದಲಾಗುವ ತನಕ ಓದುವವರನ್ನು ತಡೆದು ನಿಲ್ಲಿಸುವ ಬೀಗವಿದೆ.

ಇದು ಅಪರೂಪದ ಸಂಗತಿಯಲ್ಲ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಇರುವ ಡಿಸ್ಕನ್ನು ಮೌಂಟ್ ಮಾಡುವಾಗ ಅದರ ಬ್ಲಾಕ್ ಅಳತೆ ಎಷ್ಟೆಂದು ಕರ್ನಲ್‌ಗೆ ಮೊದಲೇ ಗೊತ್ತಿರುವುದಿಲ್ಲ. ಆ ಮಾಹಿತಿ ಇರುವುದು ಡಿಸ್ಕ್‌ನ 1024ನೇ ಬೈಟ್‌ನಲ್ಲಿ ಶುರುವಾಗುವ ಸೂಪರ್‌ಬ್ಲಾಕ್‌ನಲ್ಲಿ. 512 ಬೈಟ್ ಸೆಕ್ಟರ್‌ನ ಡಿಸ್ಕ್ ಆದರೆ ಕರ್ನಲ್ ಮೊದಲು 1024ರ ಅಳತೆಯಲ್ಲಿ ಓದುತ್ತದೆ. ಆಗ ಸೂಪರ್‌ಬ್ಲಾಕ್ ಸಿಗುವುದು 1ನೇ ಬ್ಲಾಕ್‌ನಲ್ಲಿ. ನಿಜವಾದ ಅಳತೆ 4096 ಎಂದು ಅಲ್ಲಿ ಬರೆದಿದ್ದರೆ ಓದಿದ್ದನ್ನು ಬಿಟ್ಟು, ಅಳತೆ ಬದಲಿಸಿ, ಮತ್ತೆ ಓದುತ್ತದೆ. ಈಗ ಅದೇ ಸೂಪರ್‌ಬ್ಲಾಕ್ ಇರುವುದು 0ನೇ ಬ್ಲಾಕ್‌ನ ಒಳಗೆ! ಇಎಫ್53 ಎಂಬ ಗುರುತಿನ ಸಂಖ್ಯೆ ಎರಡನೇ ಸಲವೂ ಸಿಕ್ಕಿದರೆ ಮಾತ್ರ ಮುಂದುವರಿಯುತ್ತದೆ.

ಪ್ರಾಜೆಕ್ಟ್ ಫೈಲ್ ಕಾಪಿ ಮಾಡಿದ ಕೂಡಲೇ ಪೆನ್‌ಡ್ರೈವ್ ಕಿತ್ತುಕೊಳ್ಳಬಾರದು ಎನ್ನುವುದಕ್ಕೂ ಇದೇ ಕಾರಣ. ಇಜೆಕ್ಟ್ ಒತ್ತಿದಾಗ ಮೊದಲು ನಡೆಯುವುದು ಬಾಕಿ ಬರವಣಿಗೆ. ಅದು ಮುಗಿಯುವ ಮುನ್ನ ಕಿತ್ತರೆ, ಪರದೆಯ ಮೇಲೆ ಕಂಡ ಫೈಲ್ ಪೆನ್‌ಡ್ರೈವ್‌ನಲ್ಲಿ ಇಲ್ಲದಿರಬಹುದು.